ಗುಲಾಬಿ ಎಲೆಯಲ್ಲಿ ಕಪ್ಪು ಚುಕ್ಕೆ, ಗಿಡ ಬೋಳಾಗುತ್ತಿದೆ

ಪ್ರಶ್ನೆ (ವಿಜಯನಗರ):
ತಾರಸಿ ಮೇಲೆ ಆರು ಕುಂಡ ಗುಲಾಬಿ ಇವೆ. ಜುಲೈನ ಜಿಟಿಜಿಟಿ ಮಳೆ ಶುರುವಾದಾಗಿನಿಂದ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ. ಸುತ್ತ ಹಳದಿಯಾಗಿ ಉದುರುತ್ತವೆ. ಎರಡು ಗಿಡ ಬರೀ ಕಡ್ಡಿ. ಅತ್ತೆ ದಿನಾ ಹೂಬುಟ್ಟಿ ಹಿಡಿದು ಮೇಲೆ ಹೋಗುತ್ತಾರೆ, ಖಾಲಿ ಬುಟ್ಟಿಯಲ್ಲಿ ಇಳಿಯುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಗೊಬ್ಬರ ಸಾಲದೇನೋ ಅಂತ ಎರಡು ಸಲ ಹಾಕಿದೆ, ಏನೂ ಬದಲಾಗಲಿಲ್ಲ.

ಉತ್ತರ (ಮಲ್ಲೇಶ್ವರ):
ಮೇಡಂ, ಚುಕ್ಕೆಯ ಅಂಚು ನುಣುಪಾಗಿದೆಯಾ, ಎಳೆ ಎಳೆಯಾಗಿದೆಯಾ? ಎಲೆ ತಿರುಗಿಸಿ ನೋಡಿ. ಕಿತ್ತಳೆ ಬಣ್ಣದ ಪುಡಿ ಇದ್ದರೆ ಅದು ತುಕ್ಕು ರೋಗ. ನೀರು ಯಾವಾಗ ಹಾಕುತ್ತೀರಿ?

ವಿಜಯನಗರ:
ಕಾಗದದ ಮೇಲೆ ಶಾಯಿ ಇಂಗಿದ ಹಾಗಿದೆ ಅಂಚು. ಪುಡಿ ಇಲ್ಲ. ಸಂಜೆ ಆಫೀಸಿನಿಂದ ಬಂದ ಮೇಲೆ ಪೈಪ್ ಹಿಡಿದು ಗಿಡದ ಮೇಲೆಯೇ ಬಿಡುತ್ತೇನೆ, ಧೂಳು ಹೋಗಲಿ ಅಂತ.

ಮಲ್ಲೇಶ್ವರ:
ಹಾಗಾದರೆ ಕಪ್ಪು ಚುಕ್ಕೆ ರೋಗವೇ. ಡಿಪ್ಲೋಕಾರ್ಪಾನ್ ಅನ್ನುವ ಶಿಲೀಂಧ್ರ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಅದಕ್ಕೆ ಸಾಕು. ಸಂಜೆ ನೆನೆದ ಎಲೆ ನಮ್ಮ ಮಳೆಗಾಲದ ರಾತ್ರಿಯಲ್ಲಿ ಎಲ್ಲಿ ಒಣಗುತ್ತದೆ? ನನ್ನ ಗಿಡಗಳೂ ಹೀಗೇ ಬೋಳಾಗಿದ್ದವು, ಪೈಪ್ ಹಿಡಿಯುವುದು ನಿಲ್ಲಿಸಿದ ಮೇಲೆಯೇ ಸುಧಾರಿಸಿದ್ದು. ಬೆಳಿಗ್ಗೆ ಚೊಂಬಿನಲ್ಲಿ, ಬುಡಕ್ಕೆ ಮಾತ್ರ ಹಾಕಿ. ಗೊಬ್ಬರ ಸದ್ಯಕ್ಕೆ ಬೇಡ.

ಉದುರಿದ ಎಲೆ ಒಂದೂ ಬಿಡದೆ ಹೆಕ್ಕಿ ಕಸಕ್ಕೆ ಹಾಕಿ, ಕಾಂಪೋಸ್ಟ್ ಡಬ್ಬಕ್ಕೆ ಬೇಡ. ಮಳೆ ಹನಿ ಅವುಗಳ ಮೇಲೆ ಬಿದ್ದು ಸಿಡಿದಾಗಲೇ ರೋಗ ಮೇಲೆ ಹತ್ತುವುದು. ಕೆಳಗಿನ ಎಲೆಯಿಂದ ಶುರುವಾಗುವುದು ಅದಕ್ಕೇ. ಚುಕ್ಕೆ ಬಿದ್ದ ಎಲೆ ಯಾವ ಔಷಧಿಗೂ ಮತ್ತೆ ಹಸಿರಾಗುವುದಿಲ್ಲ. ಔಷಧಿ ಇರುವುದು ಹೊಸ ಚಿಗುರು ಕಾಪಾಡಲು. ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಪುಡಿ, ಲೀಟರ್ ನೀರಿಗೆ 2 ಗ್ರಾಂ. ಮಳೆ ಬಿಡುವು ಕೊಟ್ಟ ದಿನ ಬೆಳಿಗ್ಗೆ, ಎಲೆಯ ಅಡಿಗೂ ತಾಗುವ ಹಾಗೆ ಸಿಂಪಡಿಸಿ. 10 ದಿನ ಬಿಟ್ಟು ಮತ್ತೊಮ್ಮೆ. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಪಕ್ಕದಲ್ಲಿ ಕರಿಬೇವು, ಕೊತ್ತಂಬರಿ ಕುಂಡ ಇದ್ದರೆ ಮೊದಲು ದೂರ ಸರಿಸಿ.

ಉತ್ತರ (ಜಯನಗರ):
ಕುಂಡಗಳು ಒತ್ತೊತ್ತಾಗಿದ್ದರೆ ಒಂದಡಿ ಜಾಗ ಬಿಡಿ, ಗಾಳಿ ಆಡಬೇಕು. ನನ್ನ ಸೇವಂತಿಗೆಗೂ ಕಪ್ಪು ಚುಕ್ಕೆ ಬಂದಿತ್ತು. ಅದರಲ್ಲಿ ಎಲೆ ಉದುರುವುದಿಲ್ಲ, ಒಣಗಿ ಕಾಂಡಕ್ಕೇ ಜೋತುಬೀಳುತ್ತದೆ. ಅದು ಸೆಪ್ಟೋರಿಯಾ, ಬೇರೆ ಶಿಲೀಂಧ್ರ. ಆದರೆ ಎಲೆ ಒದ್ದೆಯಾಗಿರಬಾರದು ಅನ್ನುವುದು ಎರಡಕ್ಕೂ ಒಂದೇ.

ವಿಜಯನಗರ:
ಮೂರು ವಾರ ಆಯಿತು. ಕಡ್ಡಿಯಾಗಿದ್ದ ಎರಡರಲ್ಲಿ ಒಂದು ಕೆಂಪಗೆ ಚಿಗುರಿದೆ, ಚುಕ್ಕೆ ಇಲ್ಲ. ಇನ್ನೊಂದು ಹೋಯಿತು. ಅತ್ತೆ ಈಗ ಬೆಳಿಗ್ಗೆ ಅವರೇ ಚೊಂಬು ಹಿಡಿದು ಮೇಲೆ ಹೋಗುತ್ತಾರೆ.