ತಮ್ಮನ ಕತ್ತಿನ ಗಡ್ಡೆ: ಸೂಜಿ ಪರೀಕ್ಷೆ ಸಾಕೇ, ಬಯಾಪ್ಸಿ ಆಗಲೇಬೇಕೇ?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ)

ನನ್ನ ತಮ್ಮನಿಗೆ 23 ವರ್ಷ. ಕತ್ತಿನ ಬಲಗಡೆ ಅಡಿಕೆಯಷ್ಟಿದ್ದ ಗಡ್ಡೆ ಮೂರೇ ವಾರಗಳಲ್ಲಿ ನಿಂಬೆಹಣ್ಣಿನಷ್ಟಾಗಿದೆ, ಒತ್ತಿದರೂ ನೋವಿಲ್ಲ. ರಾತ್ರಿ ಬನಿಯನ್ ಹಿಂಡುವಷ್ಟು ಬೆವರುತ್ತಾನೆ. ಮೊದಲು ಟಿ.ಬಿ. ಇರಬಹುದೆಂದರು, ಆದರೆ ಸೂಜಿ ಪರೀಕ್ಷೆಯ ವರದಿಯಲ್ಲಿ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಶಂಕೆಯಿದೆ, ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಮಾಡಿಸಬೇಕು ಎಂದು ಬರೆದಿದ್ದಾರೆ. ರಕ್ತದಲ್ಲಿ, ಕೋಶಗಳು ನಾಶವಾದಾಗ ಏರುವ ಕಿಣ್ವವಾದ ಎಲ್‌ಡಿಎಚ್ ಕೂಡ ಬಹಳ ಏರಿದೆ. ಗಡ್ಡೆಗೆ ಕತ್ತರಿ ತಾಗಿದರೆ ಕಾಯಿಲೆ ಮೈಯೆಲ್ಲ ಹಬ್ಬುತ್ತದೆಂದು ದೊಡ್ಡಪ್ಪ ಹಟ ಹಿಡಿದಿದ್ದಾರೆ. ಊತ ಇಳಿಯಲೆಂದು ಪರಿಚಯದವರೊಬ್ಬರು ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದಾರೆ. ಬಯಾಪ್ಸಿಯ ಬದಲು ಅದನ್ನೇ ಕೊಟ್ಟು ನೋಡಬಹುದೇ?

ಉತ್ತರ 1 (ಚಿತ್ರದುರ್ಗ, ಪೆಥಾಲಜಿ ವೃತ್ತಿಯವನು)

ದಯವಿಟ್ಟು ಆ ಮಾತ್ರೆ ಕೊಡಬೇಡಿ. ಲಿಂಫೋಮಾ ಕೋಶಗಳು ಸ್ಟೀರಾಯ್ಡಿಗೆ ಬೇಗ ಸಾಯುವುದರಿಂದ ಗಡ್ಡೆ ಕುಗ್ಗಿ ಗುಣವಾದಂತೆ ತೋರುತ್ತದೆ. ಆದರೆ ಆಮೇಲೆ ತೆಗೆದ ತುಣುಕಿನಲ್ಲಿ ಸತ್ತ ಅಂಗಾಂಶವಷ್ಟೇ ಸಿಕ್ಕಿ, ಕಾಯಿಲೆ ಯಾವುದೆಂದು ಹೇಳಲಾಗದೆ ನಾವು ಕೈಚೆಲ್ಲಬೇಕಾಗುತ್ತದೆ. ಸೂಜಿಯಲ್ಲಿ ಬರುವುದು ಬಿಡಿ ಕೋಶಗಳು ಮಾತ್ರ, ಗ್ರಂಥಿಯ ಒಳರಚನೆ ಕಾಣುವುದಿಲ್ಲ. ಆದ್ದರಿಂದ ಸಾಧ್ಯವಿದ್ದರೆ ಇಡೀ ಗ್ರಂಥಿಯನ್ನೇ ತೆಗೆಸಿ, ಇಮ್ಯುನೊಹಿಸ್ಟೋಕೆಮಿಸ್ಟ್ರಿ (ಬಣ್ಣ ಹಚ್ಚಿ ಕೋಶಗಳ ಬಗೆಯನ್ನು ಗುರುತಿಸುವ ಪರೀಕ್ಷೆ) ಮಾಡಿಸಬೇಕು. ಇಷ್ಟು ವೇಗವಾಗಿ ಬೆಳೆಯುವ ಗಡ್ಡೆಯಲ್ಲಿ ಬರ್ಕಿಟ್ ಲಿಂಫೋಮಾದಂಥ ಅಪರೂಪದ ಕಾಯಿಲೆಯನ್ನೂ ನೆನೆಯಬೇಕಾಗುತ್ತದೆ. ಅದರಲ್ಲಿ ಕೋಶಗಳು ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲವು, ವಿಭಜನೆಯಾಗುತ್ತಿರುವ ಕೋಶಗಳ ಪಾಲನ್ನು ತೋರುವ ಕೆಐ-67 ಪ್ರಮಾಣ ಶೇ. 100ರ ಹತ್ತಿರವಿರುತ್ತದೆ, ಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಎಂವೈಸಿ ಜೀನ್ ಸ್ಥಾನಪಲ್ಲಟವಾಗಿದೆಯೇ ಎಂದು ಫಿಶ್ ಎಂಬ ಜೀನ್ ಪರೀಕ್ಷೆಯಲ್ಲಿ ನೋಡುತ್ತಾರೆ. ನೋಟಕ್ಕೆ ಹೋಲುವ ಬೇರೆ ಲಿಂಫೋಮಾಗಳ ಚಿಕಿತ್ಸೆ ಬೇರೆಯಾದ್ದರಿಂದ ಹೆಸರು ಖಚಿತವಾಗಲೇಬೇಕು. ಕತ್ತರಿಯಿಂದ ಇದು ಹಬ್ಬುವುದಿಲ್ಲವೆಂದು ದೊಡ್ಡಪ್ಪನವರಿಗೆ ಹೇಳಿ.

ಉತ್ತರ 2 (ಹಿರಿಯೂರು)

ನನ್ನ ಮಗನಿಗೂ ಇದೇ ಪರಿಸ್ಥಿತಿ ಬಂದಿತ್ತು. ನಾವು ಮೊದಲು ಹೋದ ಕಡೆ ತುಣುಕನ್ನು ಪೂರ್ತಿ ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ, ಆದರೆ ರೋಗಾಣುಗಳನ್ನು ಕೊಲ್ಲುವ ದ್ರಾವಣ) ಡಬ್ಬಿಗೆ ಹಾಕಿಬಿಟ್ಟಿದ್ದರಿಂದ ಟಿ.ಬಿ. ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಲಾಗಲಿಲ್ಲ. ಒಂದು ಚೂರನ್ನು ಸಲೈನ್‌ನಲ್ಲಿ ಬೇರೆ ಇಡಿ ಎಂದು ಸರ್ಜನ್ನರಿಗೆ ಮೊದಲೇ ನೆನಪಿಸಿ. ಕೇಳಲು ಸಂಕೋಚ ಬೇಡ. ವರದಿಯ ಜೊತೆಗೆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನೂ ಪಡೆದುಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಅವರು ಮೊದಲು ಕೇಳಿದ್ದು ಅವನ್ನೇ.

ಉತ್ತರ 1ರ ಮುಂದುವರಿಕೆ

ಬಿಟ್ಟುಹೋದ ಮಾತೊಂದಿದೆ. ವೇಗವಾಗಿ ಬೆಳೆಯುವ ಗಡ್ಡೆಯ ಕೋಶಗಳು ಸಾಯುತ್ತ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಯೂರಿಕ್ ಆ್ಯಸಿಡ್, ಪೊಟ್ಯಾಸಿಯಂ, ಕ್ರಿಯಾಟಿನಿನ್ ಹಾಗೂ ಎಚ್‌ಐವಿ ಪರೀಕ್ಷೆಗಳನ್ನು ಈಗಲೇ ಮಾಡಿಸಿ. ಮೂತ್ರ ಕಡಿಮೆಯಾದರೆ ಅಥವಾ ಉಸಿರು ಕಟ್ಟಿದಂತಾದರೆ ಬಯಾಪ್ಸಿಯ ದಿನಕ್ಕೆ ಕಾಯದೆ ರಾತ್ರಿಯಾದರೂ ಆಸ್ಪತ್ರೆಗೆ ಸೇರಿಸಿ.

ಪ್ರಶ್ನೆ ಕೇಳಿದವರು

ಮಾತ್ರೆ ಹಿಂದಿರುಗಿಸಿದ್ದೇನೆ. ನಾಳೆ ಬೆಳಿಗ್ಗೆ ಸರ್ಜನ್ನರನ್ನು ಕಾಣುತ್ತೇವೆ, ದೊಡ್ಡಪ್ಪನೂ ಬರುತ್ತಿದ್ದಾರೆ.