ವಾರ್ಡಿನ ಸಿಸ್ಟರ್‌ಗಳಿಗೆ ಕೃತಜ್ಞತೆ ಹೇಳುವ ಸರಿಯಾದ ಬಗೆ ಯಾವುದು?

ಪ್ರಶ್ನೆ

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ನಮ್ಮ ತಾಯಿಯವರು ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಬಹಳ ಕಾಲ ಇದ್ದು, ಈಗ ಮನೆಯಲ್ಲಿ ವಾಕರ್ ಹಿಡಿದು ನಡೆಯುತ್ತಿದ್ದಾರೆ. ಡಾಕ್ಟರಿಗೆ ನಾವೆಲ್ಲರೂ ಕೈಮುಗಿದು ಬಂದೆವು. ಆದರೆ ರಾತ್ರಿ ಪಾಳಿಯಲ್ಲಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸಿದವರು, ಡ್ರಿಪ್ ಹಾಕಿದ ಕೈ ಊದಿಕೊಂಡದ್ದನ್ನು ನಮಗಿಂತ ಮೊದಲೇ ಕಂಡು ಸೂಜಿಯ ಜಾಗ ಬದಲಿಸಿದವರು ಸಿಸ್ಟರ್‌ಗಳು. ಅವರ ಕೈಗೆ ಹಣ ಕೊಡುವುದು ಅವಮಾನವಾದೀತು ಎನಿಸುತ್ತದೆ. ಬಾಯಿಮಾತಿನ ಧನ್ಯವಾದ ಸಾಲದು ಎಂದೂ ಎನಿಸುತ್ತದೆ. ಏನು ಮಾಡುವುದು ಉಚಿತ?

ಉತ್ತರ 1 (ನಿವೃತ್ತ ಶುಶ್ರೂಷಕಿ)

ಹಣ ಖಂಡಿತ ಬೇಡ. ಆಸ್ಪತ್ರೆಯ ಅಧೀಕ್ಷಕರಿಗೆ ಒಂದು ಪತ್ರ ಬರೆಯಿರಿ; ಯಾವ ವಾರ್ಡು, ಯಾವ ಪಾಳಿ, ಯಾರು ಏನು ಮಾಡಿದರು ಎಂಬುದನ್ನು ಬಿಡಿಸಿ ಹೇಳಿರಿ. ನಿಮ್ಮ ತಾಯಿಯವರಂತೆ ಅಲುಗಾಡಲಾಗದೆ ಮಲಗಿದವರಿಗೆ ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿಗಳ ಮೇಲೆ ಸತತ ಒತ್ತಡ ಬಿದ್ದು, ಅಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಹಾಸಿಗೆ ಹುಣ್ಣು ಆಗುವುದು ಹೀಗೆ. ಅದನ್ನು ತಡೆಯಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮವನ್ನು ಒಣಗಿಸಿಡಬೇಕು, ಕೆಂಪಾದ ಜಾಗವನ್ನು ಗಮನಿಸಿ ಮುಂದಿನ ಪಾಳಿಯವರಿಗೆ ತಿಳಿಸಬೇಕು. ಇಷ್ಟೆಲ್ಲ ಸರಿಯಾಗಿ ನಡೆದರೆ ಬಹುಮಟ್ಟಿಗೆ ಹುಣ್ಣೇ ಆಗುವುದಿಲ್ಲ, ಆಗದೇ ಉಳಿದದ್ದಕ್ಕೆ ಯಾರೂ ಪತ್ರ ಬರೆಯುವುದಿಲ್ಲ. ನನ್ನ ಸೇವಾವಧಿಯಲ್ಲಿ ದೂರುಗಳು ಬರವಣಿಗೆಯಲ್ಲಿ ಬರುತ್ತಿದ್ದವು, ಮೆಚ್ಚುಗೆ ಬಾಯಿಮಾತಿನಲ್ಲೇ ಮುಗಿಯುತ್ತಿತ್ತು.

ಉತ್ತರ 2 (ಹೊನ್ನಾವರ)

ಹಾಸಿಗೆ ಹುಣ್ಣಿನ ಮಾತು ಬಂದಾಗ ನಮ್ಮ ಹಳದೀಪುರದ ಅರುಣಾ ಶಾನಭಾಗರನ್ನು ನೆನೆಯದಿರಲಾಗದು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅವರ ಮೇಲೆ 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ನೌಕರನೊಬ್ಬ ಅತ್ಯಾಚಾರವೆಸಗಿ, ಕುತ್ತಿಗೆಗೆ ಸರಪಳಿ ಬಿಗಿದನು. ಮೆದುಳಿಗೆ ತೀವ್ರ ಹಾನಿಯಾದ ಅವರನ್ನು 2015ರ ಮೇ ತಿಂಗಳಲ್ಲಿ ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ, ಅಲ್ಲಿನ ಶುಶ್ರೂಷಕಿಯರೇ ನೋಡಿಕೊಂಡರು; ಅವರ ಜೊತೆಗೆ ಎಂದೂ ಕೆಲಸ ಮಾಡಿರದ, ಆಮೇಲೆ ಸೇರಿದ ಹುಡುಗಿಯರೂ ಆ ಹೊಣೆಯನ್ನು ತಮ್ಮದೆಂದೇ ಹೊತ್ತರು. ದಯಾಮರಣದ ಅರ್ಜಿಯನ್ನು ತಿರಸ್ಕರಿಸಿದ 2011ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಷ್ಟು ವರ್ಷಗಳಲ್ಲಿ ಅವರಿಗೆ ಒಂದೂ ಹಾಸಿಗೆ ಹುಣ್ಣು ಆಗಿಲ್ಲ ಎಂಬುದನ್ನು ಗುರುತಿಸಿ ಈ ಶುಶ್ರೂಷಕಿಯರನ್ನು ಮನಸಾರೆ ಹೊಗಳಿತು. ನನ್ನ ದೃಷ್ಟಿಯಲ್ಲಿ ಶುಶ್ರೂಷೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಆದರೆ ಅರುಣಾ ಅವರ ಮೇಲೆ ದಾಳಿ ನಡೆದದ್ದು ಅವರು ದುಡಿಯುತ್ತಿದ್ದ ಸ್ಥಳದಲ್ಲಿಯೇ. ರಾತ್ರಿ ಪಾಳಿಯವರಿಗೆ ಬಟ್ಟೆ ಬದಲಿಸಲು ಸುರಕ್ಷಿತ ಕೋಣೆ, ಓಡಾಡುವ ದಾರಿಯಲ್ಲಿ ಬೆಳಕು ಇದೆಯೇ ಎಂದು ಕೇಳುವುದೂ ಕೃತಜ್ಞತೆಯ ಒಂದು ಭಾಗವೆಂದು ನಾನು ತಿಳಿದಿದ್ದೇನೆ.

ಉತ್ತರ 3 (ಖಾಸಗಿ ನರ್ಸಿಂಗ್ ಹೋಮ್ ಸಿಬ್ಬಂದಿ)

ಹಿರಿಯರಿಬ್ಬರ ಮಾತನ್ನೂ ಒಪ್ಪುತ್ತೇನೆ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ಶುಶ್ರೂಷಕರು ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರಾತ್ರಿಯ ಹೊತ್ತು ನಾವು ಇಡೀ ವಾರ್ಡನ್ನು ಒಬ್ಬರೇ ನೋಡಿಕೊಳ್ಳುವುದುಂಟು. ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ಶುಶ್ರೂಷಕರ ಮಾಸಿಕ ವೇತನ 20,000 ರೂಪಾಯಿಗಿಂತ ಕಡಿಮೆಯಿರಬಾರದು ಎಂದು ಶಿಫಾರಸು ಮಾಡಿತು. ಅಷ್ಟು ವೇತನ ನನ್ನ ಕೈಗೆ ಇನ್ನೂ ಬಂದಿಲ್ಲ. ಆದ್ದರಿಂದ ನೀವು ಬರೆಯುವ ಪತ್ರದಲ್ಲಿ ಮೆಚ್ಚುಗೆಯ ಜೊತೆಗೆ, ಆ ವಾರ್ಡಿನ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಬೇಕು ಎಂಬ ಸಾಲನ್ನೂ ದಯವಿಟ್ಟು ಸೇರಿಸಿರಿ. ನಾವು ಕೇಳಿದರೆ ಅದು ಬೇಡಿಕೆಯಾಗುತ್ತದೆ, ರೋಗಿಯ ಮನೆಯವರು ಕೇಳಿದರೆ ಆಡಳಿತದವರು ಉತ್ತರಿಸಲೇಬೇಕಾಗುತ್ತದೆ.