ತುಮಕೂರು ಮೆಟ್ರೋ ನಂಬಿ ಸೈಟು ತಗೊಳ್ಳೋ ಮೊದ್ಲು

ಎಲ್ರಿಗೂ ನಮಸ್ಕಾರ. ಟೈಪ್ ಮಾಡೋಕೆ ಕೂತ್ರೆ ರಾತ್ರಿ ಆಗತ್ತೆ, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗತ್ತೆ, ಅಡುಗೆಮನೇಲಿರೋರು ಸ್ಪೀಕರ್‌ಗೆ ಹಾಕ್ಕೊಳ್ಳಿ. ಪುಟ್ಟ ಬೆಳಿಗ್ಗೆ ಗ್ರೂಪಲ್ಲಿ ಡಾಬಸ್‌ಪೇಟೆ ಹತ್ರದ ಯಾವುದೋ ಲೇಔಟಿನ ಬ್ರೋಚರ್ ಹಾಕಿದಾನಲ್ಲ, ತುಮಕೂರಿಗೆ ಮೆಟ್ರೋ ಬರತ್ತೆ, ನಿಲ್ದಾಣ ಎರಡೇ ನಿಮಿಷ, ಈ ಸಲದ ಅಡಿಕೆ ದುಡ್ಡು ಅಲ್ಲಿ ಹಾಕೋಣ ಅಂತ. ಭಾವ ಅದಕ್ಕೆ ಹೆಬ್ಬೆರಳಿನ ಇಮೋಜಿ ಒತ್ತಿದ್ದೂ ಕಂಡೆ. ಅದಕ್ಕೇ ಈ ಮಾತು.

ಪುಟ್ಟಾ, ಯಾವ ನಿಲ್ದಾಣಕ್ಕೆ ಎರಡು ನಿಮಿಷ ಮಾರಾಯ? ಇವತ್ತು ಬೆಂಗಳೂರು ಮೆಟ್ರೋದ ಹಸಿರು ಮಾರ್ಗ ಮುಗಿಯೋದು ಮಾದಾವರದಲ್ಲಿ, ದೊಡ್ಡ ದೊಡ್ಡ ವಸ್ತುಪ್ರದರ್ಶನ ನಡೆಯತ್ತಲ್ಲ, ಆ ಬಿಐಇಸಿ ಹತ್ರ. ಅಲ್ಲಿಂದ ನೆಲಮಂಗಲಕ್ಕೇ ಇನ್ನೂ ಮುಟ್ಟಿಲ್ಲ, ಡಾಬಸ್‌ಪೇಟೆ ಅದಕ್ಕೂ ಆಚೆ. ತುಮಕೂರಿನ ಮಾತು 2024ರ ರಾಜ್ಯ ಬಜೆಟ್‌ನಲ್ಲಿ ಬಂತು ನಿಜ. ಏನಂತ ಬಂತು? ಕಾರ್ಯಸಾಧ್ಯತಾ ವರದಿ ಮಾಡಿಸ್ತೀವಿ ಅಂತ. ಅದರ ಜೊತೆಗೇ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೂ ಅದನ್ನೇ ಹೇಳಿದ್ರು. ಆ ವರದಿ ಆದ್ಮೇಲೆ ವಿವರವಾದ ಯೋಜನಾ ವರದಿ, ಆಮೇಲೆ ರಾಜ್ಯ ಸಂಪುಟ, ಕೇಂದ್ರ ಸಂಪುಟ, ಹೊರದೇಶದ ಸಾಲ, ಭೂಸ್ವಾಧೀನ, ಟೆಂಡರು. ಅಷ್ಟೆಲ್ಲ ಆದ್ಮೇಲೆ ಮೊದಲ ಕಂಬ. ಲೇಔಟಿನವ್ರು ಮಾತ್ರ ಬಜೆಟ್ ಭಾಷಣದಿಂದ ಸೀದಾ ನಿಲ್ದಾಣದ ಚಿತ್ರಕ್ಕೇ ಹಾರಿದಾರೆ.

ಎಷ್ಟು ಕಾಲ ಹಿಡಿಯತ್ತೆ ಅಂತ ಕೇಳಿದೀಯಲ್ಲ, ಅದೇ ರಸ್ತೇಲೇ ಉತ್ತರ ಇದೆ. ನಾಗಸಂದ್ರದವರೆಗೆ ರೈಲು ಬಂದಿದ್ದು 2015ರ ಮೇ 1ಕ್ಕೆ. ಅಲ್ಲಿಂದ ಮಾದಾವರಕ್ಕೆ ಎಷ್ಟು ದೂರ? ಮೂರು ಕಿಲೋಮೀಟರ್ ಚಿಲ್ಲರೆ. ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ, ಮೂರೇ ನಿಲ್ದಾಣ. ಸುರಂಗ ಇಲ್ಲ, ಬಂಡೆ ಇಲ್ಲ, ಹೆದ್ದಾರಿ ಪಕ್ಕ ನೆಟ್ಟಗೆ ಕಂಬ. 2017ರಲ್ಲಿ ಶುರು ಮಾಡಿದ ಕೆಲಸ, ಜನ ಹತ್ತಿದ್ದು 2024ರ ನವೆಂಬರ್ 7ಕ್ಕೆ. ಮೂರು ಕಿಲೋಮೀಟರಿಗೆ ಏಳು ವರ್ಷ! ಜಾಗ ಸಿಗಲಿಲ್ಲ ಅಂತ ಒಂದಷ್ಟು ದಿನ, ಕೊರೊನಾ ಅಂತ ಒಂದಷ್ಟು. ಬೊಮ್ಮಸಂದ್ರದ ಹಳದಿ ಮಾರ್ಗದ ಕತೆ ಬೇರೆ, ಅಲ್ಲಿ ಕಂಬ, ಹಳಿ ಎಲ್ಲ ಆಗಿ ರೈಲೇ ಬರಲಿಲ್ಲ. 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದಾಗ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಮಗೇನು ಇದು ಹೊಸದಲ್ಲ ಬಿಡಿ, ತಾಳಗುಪ್ಪದ ರೈಲು ಘಟ್ಟ ಇಳಿದು ಹೊನ್ನಾವರಕ್ಕೆ ಹೋಗತ್ತೆ ಅಂತ ಅಜ್ಜನ ಕಾಲದಿಂದ ಕೇಳ್ತಾನೇ ಇದೀವಿ.

ದುಡ್ಡಿನ ಲೆಕ್ಕ ಹಾಕಿ. ಮೂರನೇ ಹಂತ ಅಂತ ಜೆ.ಪಿ. ನಗರದಿಂದ ಕೆಂಪಾಪುರಕ್ಕೆ, ಹೊಸಹಳ್ಳಿಯಿಂದ ಕಡಬಗೆರೆಗೆ ಮಂಜೂರಾಗಿದೆ, 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ್ದು. 44.65 ಕಿಲೋಮೀಟರಿಗೆ 15,611 ಕೋಟಿ, ಅಂದ್ರೆ ಕಿಲೋಮೀಟರಿಗೆ ಹತ್ರಹತ್ರ 350 ಕೋಟಿ. ಅದಾದ್ರೂ ಊರೊಳಗೆ, ಹತ್ತೋ ಜನ ಇದಾರೆ. ಮಾದಾವರದಿಂದ ತುಮಕೂರಿಗೆ 50 ಕಿಲೋಮೀಟರಿಗೆ ಕಮ್ಮಿ ಇಲ್ಲ, ಮಧ್ಯೆ ತೆಂಗಿನ ತೋಟ, ಗೋಡೌನು. ಟಿಕೆಟ್ ದುಡ್ಡಲ್ಲಿ ಅದು ಹುಟ್ಟತ್ತಾ? ಈಗ ಇರೋ ಮಾರ್ಗಕ್ಕೇ 2025ರ ಫೆಬ್ರವರೀಲಿ ಗರಿಷ್ಠ ದರ 60ರಿಂದ 90 ರೂಪಾಯಿ ಮಾಡಿದಾರೆ.

ಸರಿ, ದುಡ್ಡು ಎಲ್ಲಿಂದಲೋ ಬಂತು, ಕಟ್ಟಿಯೂ ಬಿಟ್ರು ಅಂತಿಟ್ಕೊಳ್ಳಿ. ಆಗಲಾದ್ರೂ ಡಾಬಸ್‌ಪೇಟೆಯಿಂದ ದಿನಾ ಓಡಾಡೋಕೆ ಆಗತ್ತಾ? ನೇರಳೆ ಮಾರ್ಗ ನೋಡಿ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್, 43 ಕಿಲೋಮೀಟರ್, 37 ನಿಲ್ದಾಣ. ಈ ತುದಿಯಿಂದ ಆ ತುದಿಗೆ ಒಂದೂಕಾಲು ಗಂಟೆ ಮೇಲೇ ಹಿಡಿಯತ್ತೆ. ಮೆಟ್ರೋ ಇರೋದೇ ಹಾಗೆ, ಕಿಲೋಮೀಟರಿಗೊಮ್ಮೆ ನಿಲ್ಲಬೇಕು, ಎರಡೇ ಹಳಿ, ಮುಂದಿನ ರೈಲನ್ನ ಹಿಂದೆ ಹಾಕೋಕಾಗಲ್ಲ. ಕರೆಂಟೂ ಪಕ್ಕದ ಮೂರನೇ ಹಳಿಯಲ್ಲಿ ಬರೋದು, 750 ವೋಲ್ಟು, ಅದಕ್ಕೆ ಹತ್ತಿರ ಹತ್ತಿರ ಸಬ್‌ಸ್ಟೇಷನ್ ಬೇಕು. ರೈಲ್ವೆಯದ್ದು ತಲೆ ಮೇಲಿನ ತಂತಿ, 25 ಸಾವಿರ ವೋಲ್ಟು, ದೂರ ಓಡೋಕೆ ಅಂತಲೇ ಮಾಡಿದ್ದು. ಊರಿಂದೂರಿಗೆ ಹೋಗೋಕೆ ಮೆಟ್ರೋ ಹಾಕೋದು ಅಂದ್ರೆ ಸಿಟಿ ಬಸ್ಸಲ್ಲಿ ಶಿವಮೊಗ್ಗಕ್ಕೆ ಬಂದ ಹಾಗೆ.

ಮತ್ತೆ ತುಮಕೂರಿಗೆ ಹಳಿ ಇಲ್ವಾ? ಇದೆಯಲ್ಲ! ನಾವು ಶಿವಮೊಗ್ಗದಲ್ಲಿ ಬೆಳಗಿನ ಜಾವ ಜನಶತಾಬ್ದಿ ಹತ್ತಿ ಹೋಗೋದು ಯಾವುದರ ಮೇಲೆ? ಭದ್ರಾವತಿ, ಬೀರೂರು, ಅರಸೀಕೆರೆ, ತುಮಕೂರು, ಯಶವಂತಪುರ. ತುಮಕೂರಿಂದ ಬೆಂಗಳೂರಿಗೆ ಜೋಡಿ ಹಳಿ, ವಿದ್ಯುತ್ತೂ ಆಗಿದೆ. ಒಂದು ಗಂಟೆಯೊಳಗೆ ಯಶವಂತಪುರ, ಇಳಿದು ರಸ್ತೆ ದಾಟಿದ್ರೆ ಹಸಿರು ಮಾರ್ಗ. ಅದೇ ಹಳಿ ಮೇಲೆ ಬೆಳಿಗ್ಗೆ ಸಂಜೆ ಇನ್ನಷ್ಟು ಲೋಕಲ್ ರೈಲು ಬಿಡಿ ಅಂತ ಯಾಕೆ ಯಾರೂ ಕೂಗಲ್ಲ? ಉಪನಗರ ರೈಲಿನ ನಾಲ್ಕು ಮಾರ್ಗಕ್ಕೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರಿಟ್ರು. ಮಲ್ಲಿಗೆ ಬರೋದು ನಮ್ಮ ದಾರೀಲೇ ಇರೋ ಚಿಕ್ಕಬಾಣಾವರದವರೆಗೆ. 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿ 40 ತಿಂಗಳು ಅಂದಿದ್ರು. ಹೆಸರು ಚೆನ್ನಾಗಿದೆ, ಹೂವು ಬಿಟ್ಟಿಲ್ಲ.

ನಾನು ಮೆಟ್ರೋ ವಿರೋಧಿ ಅಂತ ತಿಳ್ಕೋಬೇಡಿ. ಮಾದಾವರದ ತನಕ ಬಂದಿದ್ದು ನಮಗೆ ಲಾಭವೇ. ನಮ್ಮ ಬಸ್ಸು ನೆಲಮಂಗಲ ದಾಟಿ ಎಂಟನೇ ಮೈಲಿ, ಗೊರಗುಂಟೆಪಾಳ್ಯ ಅಂತ ತೆವಳೋದು ಎಲ್ರಿಗೂ ಗೊತ್ತು. ಸರಿಯಾದ ಜಾಗದಲ್ಲಿ ಇಳಿಸಿದ್ರೆ ಮೆಜೆಸ್ಟಿಕ್ಕಿಗೆ ಬಸ್ಸಿಗಿಂತ ಮೊದ್ಲು ಹೋಗಬಹುದು. ಬೇಕಾಗಿರೋದು ಅದು. ಬಸ್ಸು ನಿಲ್ಲೋ ಜಾಗ, ಮೇಲೊಂದು ಮಾಡು, ಲಗೇಜು ಹೊತ್ತವರಿಗೆ ಲಿಫ್ಟು, ಪಕ್ಕದಲ್ಲೇ ಮೆಟ್ರೋ. ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ ನೆನಪಿದ್ಯಾ? ನಮ್ಮ ಕಡೆ ಬಸ್ಸೆಲ್ಲ ಅಲ್ಲೇ ನಿಲ್ಲಬೇಕು, ಮೆಜೆಸ್ಟಿಕ್ ಗಲಾಟೆ ತಗ್ಗಬೇಕು ಅಂತ ಕಟ್ಟಿದ್ರು. ಲೆಕ್ಕ ಸರಿನೇ ಇತ್ತು. ಆದ್ರೆ ಮೆಟ್ರೋಗೆ ಅಂಟಿಕೊಂಡಿರಲಿಲ್ಲ, ಇಳಿದವರು ಮತ್ತೆ ಆಟೋ ಹುಡುಕಬೇಕು. ಜನ ಒಪ್ಪಲಿಲ್ಲ, ಬಸ್ಸು ವಾಪಸ್ ಮೆಜೆಸ್ಟಿಕ್ಕಿಗೇ ಹೋದ್ವು. ಅಷ್ಟು ದೊಡ್ಡ ಕಟ್ಟಡ ಭಣಭಣ. ಮಾರ್ಗ ಉದ್ದ ಎಳೆಯೋಕೆ ಇರೋ ಹುಮ್ಮಸ್ಸು ಇಂಥ ಜೋಡಣೆ ಮಾಡೋಕೆ ಯಾರಿಗೂ ಇಲ್ಲ, ಅದರಲ್ಲಿ ಫೋಟೋ ಬರಲ್ಲ ನೋಡಿ.

ಇನ್ನು ಸೈಟು. ತಗೊಳ್ಳಲೇಬೇಡಿ ಅಂತ ನಾನು ಹೇಳ್ತಿಲ್ಲ. ಇವತ್ತು ಅಲ್ಲಿ ಇರೋ ರಸ್ತೆ, ನೀರು, ಡಾಬಸ್‌ಪೇಟೆ ಕೈಗಾರಿಕಾ ಪ್ರದೇಶ ನೋಡಿ ಬೆಲೆ ಸರಿ ಅನ್ಸಿದ್ರೆ ತಗೊಳ್ಳಿ, ಮೆಟ್ರೋಗೆ ಸೊನ್ನೆ ಬೆಲೆ ಕಟ್ಟಿ. ಇನ್ನೊಂದು ಭಯವೂ ಇದೆ. ಮಾರ್ಗ ನಕ್ಷೇಲಿ ಪಕ್ಕಾ ಆಗೋವರೆಗೆ ನಿಲ್ದಾಣ ಎಲ್ಲಿ, ಡಿಪೋ ಎಲ್ಲಿ ಯಾರಿಗೂ ಗೊತ್ತಿರಲ್ಲ. ಹೆದ್ದಾರಿಗೆ ಅಂಟಿದ ಜಾಗವೇ ಸ್ವಾಧೀನಕ್ಕೆ ಹೋದ್ರೆ ಪರಿಹಾರಕ್ಕೆ ಅಲೆಯೋರು ನೀವೇ. ಭೂಪರಿವರ್ತನೆ ಆದೇಶ, ಲೇಔಟ್ ಅನುಮೋದನೆ, ಇ-ಖಾತಾ ಮೂರನ್ನೂ ನಮ್ಮ ವಕೀಲರಿಗೆ ತೋರಿಸಿ. ಫೋನಲ್ಲಿ ಬಂದ ಪಿಡಿಎಫ್ ಅಲ್ಲ, ಕಚೇರಿಯಿಂದ ತಗೊಂಡ ಪ್ರತಿ.

ಅತ್ತಿಗೆ, ಭಾವ ಇದನ್ನ ಪೂರ್ತಿ ಕೇಳಲ್ಲ ಅಂತ ಗೊತ್ತು, ನೀವೇ ಹೇಳಿ. ಅಡ್ವಾನ್ಸ್ ಕೊಟ್ಟಾಗಿದ್ಯಾ, ಇಲ್ಲ ಬರೀ ಹೆಬ್ಬೆರಳು ಒತ್ತಿದ್ದಾ?